ಲೂಜ಼್, ಲೂಸ್, ಲಾಸ್, ಲಾಸ್ಟ್: ಅಂಗಡಿಗೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. ದಿನಕ್ಕೊಬ್ಬರಾದರೂ ಏನನ್ನೋ ಕಳೆದುಕೊಂಡು ಇಲ್ಲಿಗೆ ಬರುತ್ತಾರೆ. ಮಾರ್ಕ್ಸ್ ಕಾರ್ಡ್, ಸಿಮ್, ಗಾಡಿಯ ಆರ್‌ಸಿ, ಬ್ಯಾಂಕ್ ಪಾಸ್‌ಬುಕ್, ಒಮ್ಮೊಮ್ಮೆ ಎಲ್ಲವೂ ಇದ್ದ ಪರ್ಸು. ಅರ್ಜಿ ಇಂಗ್ಲಿಷಿನಲ್ಲೇ ಬೇಕು ಅಂತ ಮೇಲಿನವರು ಹೇಳಿ ಕಳಿಸಿರುತ್ತಾರೆ. ಹೀಗಾಗಿ ಕಳೆದುಕೊಳ್ಳು ಅನ್ನುವುದಕ್ಕೆ ಇರುವ ‘ಲೂಜ಼್’ ಅನ್ನುವ ಒಂದೇ ಒಂದು ಇಂಗ್ಲಿಷ್ ಕ್ರಿಯಾಪದವನ್ನು ವರ್ಷಗಟ್ಟಲೆ ಟೈಪ್ ಮಾಡಿ, ತಪ್ಪು ಮಾಡಿ, ಬೈಸಿಕೊಂಡು, ಈಗ ಅದರ ಮೇಲೆ ಸ್ವಲ್ಪ ಹಿಡಿತ ಬಂದಿದೆ. ಕೇಳಿದ್ದನ್ನೇ ಎಲ್ಲರೂ ಮತ್ತೆ ಮತ್ತೆ ಕೇಳುವುದರಿಂದ ಒಂದೇ ಕಡೆ ಬರೆದಿಟ್ಟಿದ್ದೇನೆ.

ಒಂದು ಓ ಹಾಕಬೇಕಾ, ಎರಡು ಓ ಹಾಕಬೇಕಾ?

ಕಳೆದುಕೊಳ್ಳುವುದಕ್ಕೆ ಒಂದೇ ಓ. ಎಲ್, ಓ, ಎಸ್, ಇ. ಎರಡು ಓ ಹಾಕಿದರೆ ಅದು ಬೇರೆಯೇ ಪದ, ಸಡಿಲ ಅಂತ ಅರ್ಥ.

ನಮ್ಮದು ಜೀನ್ಸ್ ಊರು, ಕೌಲ್ ಬಜಾರ್ ಕಡೆ ಹೋದರೆ ಹೊಲಿಗೆ ಮಷಿನ್ ಸದ್ದು ಕಿವಿಗೆ ಬೀಳದೆ ಇರುವುದಿಲ್ಲ, ಅದಕ್ಕೆ ನಾನು ಪ್ಯಾಂಟ್ ತೋರಿಸಿಯೇ ಹೇಳಿಕೊಡುತ್ತೇನೆ. ಲೂಸ್ ಪ್ಯಾಂಟಿಗೆ ಕೆಳಗೆ ಎರಡು ಅಗಲ ಬಾಯಿ ಇರುತ್ತವೆ ಅಲ್ವಾ, ಆ ಎರಡು ಬಾಯಿಯೇ ಎರಡು ಓ. ಇದನ್ನು ನೆನಪಿಟ್ಟುಕೊಂಡರೆ ಸಾಕು, ಇನ್ನೊಂದು ತಾನಾಗಿಯೇ ಸರಿಹೋಗುತ್ತದೆ.

ಈ ಉಪಾಯ ನನಗೆ ಸುಮ್ನೆ ಹೊಳೆದದ್ದಲ್ಲ. ಒಬ್ಬರು ಪ್ಯಾಂಟಿನ ಲೇಬಲ್ ಡಿಸೈನ್ ಮಾಡಿಸಲು ಬಂದಿದ್ದರು, ‘ಲೂಸ್ ಫಿಟ್’ ಅಂತ ಬರಬೇಕಿತ್ತು, ನಾನು ಅವಸರದಲ್ಲಿ ಒಂದು ಓ ತಿಂದುಬಿಟ್ಟೆ. ಹಾಳೆ ಪೂರ್ತಿ ಪ್ರಿಂಟ್ ಆಯಿತು. ಅವರ ಜೊತೆ ಬಂದಿದ್ದ ಮಗಳು, ಎಂಟನೇ ಕ್ಲಾಸಿನ ಹುಡುಗಿ, ಹಾಳೆ ನೋಡಿ, ‘ಅಂಕಲ್, ಈ ಪ್ಯಾಂಟ್ ಹಾಕ್ಕೊಂಡವ್ರು ಸೋಲ್ತಾರಾ?’ ಅಂತ ಕೇಳಿದಳು. ಅಷ್ಟೂ ಹಾಳೆ ನನ್ನ ಖರ್ಚಿಗೆ ಬಿತ್ತು.

ಎರಡನ್ನೂ ನಾವು ಲೂಸ್ ಅಂತೀವಲ್ಲ, ಉಚ್ಚಾರದಲ್ಲಿ ವ್ಯತ್ಯಾಸ ಇದೆಯಾ?

ಇದೆ, ಕೊನೆಯ ಸದ್ದಿನಲ್ಲಿ. ಸಡಿಲ ಅನ್ನುವುದು ಲೂಸ್, ಕೊನೆಗೆ ಸ್ಸ್ ಅಂತ ಗಾಳಿ ಮಾತ್ರ. ಕಳೆದುಕೊಳ್ಳುವುದು ಲೂಜ಼್, ಕೊನೆಗೆ ಜೇನುನೊಣದ ಸದ್ದು. ಗಂಟಲ ಮೇಲೆ ಬೆರಳಿಟ್ಟು ಎರಡನ್ನೂ ಹೇಳಿ ನೋಡಿ, ಎರಡನೆಯದಕ್ಕೆ ಬೆರಳಿಗೆ ನಡುಕ ತಾಗುತ್ತದೆ. ಕನ್ನಡದ ಜ ಇದಕ್ಕೆ ಸರಿಹೊಂದುವುದಿಲ್ಲ, ಅದಕ್ಕೆ ನಾನು ಕೆಳಗೆ ಚುಕ್ಕೆ ಇಟ್ಟು ಬರೆಯುತ್ತಿದ್ದೇನೆ. ಬಳ್ಳಾರಿ, ರಾಯಚೂರಿನವರಿಗೆ ಇದು ಕಷ್ಟ ಆಗಬಾರದು. ಪಕ್ಕದ ಮನೆಯ ಉರ್ದು ಮಾತಾಡುವವರು ‘ಜ಼ರೂರ್’ ಅನ್ನುವಾಗ ಬರುತ್ತದಲ್ಲ, ಅದೇ ಸದ್ದು. ನನ್ನ ಅಂಗಡಿ ಪಕ್ಕದ ಗ್ಯಾರೇಜಿನ ಚಾಚಾಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಆದರೆ ಈ ಒಂದು ಪದವನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಸದ್ದು ಊ ಇದ್ದರೂ ಒಂದೇ ಓ ಯಾಕೆ? ಇಂಗ್ಲಿಷಿನವರಿಗೆ ತಲೆ ಇಲ್ವಾ?

ಈ ಪ್ರಶ್ನೆ ನ್ಯಾಯವಾದದ್ದೇ. ನೋಜ಼್, ರೋಜ಼್ ಅನ್ನುವ ಪದಗಳೂ ಇದೇ ಥರ ಒಂದು ಓ ಇಟ್ಟುಕೊಂಡು ಎಸ್, ಇ ಇಂದ ಮುಗಿಯುತ್ತವೆ, ಆದರೆ ಓ ಅಂತ ನೆಟ್ಟಗೆ ಕೇಳಿಸುತ್ತವೆ. ಇದು ನೋಡಿದರೆ ಊ ಅನ್ನುತ್ತದೆ. ಆರಿಸು ಅನ್ನುವ ಚೂಜ಼್ ಪದಕ್ಕೆ ಎರಡು ಓ ಇವೆ, ಕೊನೆಗೆ ಜ಼ ಸದ್ದೂ ಇದೆ. ಅದನ್ನು ನೋಡಿಯೇ ಜನ ಇದಕ್ಕೂ ಎರಡು ಓ ಹಾಕಿಬಿಡುತ್ತಾರೆ. ತಪ್ಪು ಮಾಡುವವರದ್ದೂ ಒಂದು ಲೆಕ್ಕಾಚಾರ ಇದೆ, ಏನು ಮಾಡೋದು. ಜೊತೆಗಾರರು ಬೇಕು ಅಂದರೆ ಮೂವ್, ಪ್ರೂವ್, ಹೂಜ಼್ ಇವೆ. ಅವೂ ಒಂದೇ ಓ ಇಟ್ಟುಕೊಂಡು ಊ ಅನ್ನುವ ಪದಗಳು.

ಹಳೆಯ ಇಂಗ್ಲಿಷಿನಲ್ಲಿ ಇದು ‘ಲೋಸಿಯನ್’ ಅಂತ ಇತ್ತು, ಹಾಳಾಗು, ನಾಶವಾಗು ಅನ್ನುವ ಅರ್ಥ. ಸಡಿಲ ಅನ್ನುವ ಲೂಸ್ ಬಂದದ್ದು ಉತ್ತರದ ಹಡಗಿನವರ ಭಾಷೆಯಿಂದ, ಹಳೆಯ ನಾರ್ಸ್‌ನ ‘ಲೌಸ್’ ಪದದಿಂದ. ಎರಡೂ ದೂರದ ದಾಯಾದಿಗಳು. ಕಳೆದುಕೊಳ್ಳುವ ಪದದ ಉಚ್ಚಾರ ಕಾಲ ಕಳೆದಂತೆ ಓ ಬಿಟ್ಟು ಊ ಕಡೆ ಸರಿಯಿತು, ಅಕ್ಷರ ಮಾತ್ರ ಹಳೇ ಮನೆಯಲ್ಲೇ ಉಳಿಯಿತು.

ಇನ್ನೊಂದು ಮಜಾ ವಿಷಯ. ಇದೂ ಸಂಸ್ಕೃತದ ‘ಲೂ’ ಧಾತುವೂ ಒಂದೇ ಹಳೇ ಬೇರಿನಿಂದ ಬಂದವು ಅಂತ ಭಾಷಾಶಾಸ್ತ್ರದವರು ಹೇಳುತ್ತಾರೆ. ಲೂ ಅಂದರೆ ಕತ್ತರಿಸು, ಕೊಯ್ಯಿ. ಕುಡುಗೋಲಿಗೆ ‘ಲವಿತ್ರ’ ಅನ್ನುವುದು ಅದರಿಂದಲೇ. ಕತ್ತರಿಸಿದ ಚೂರು ‘ಲವ’. ‘ಲವಲೇಶವೂ ಇಲ್ಲ’ ಅನ್ನುತ್ತೀವಲ್ಲ, ಅದೇ ಲವ. ಪರ್ಸ್ ಕಳೆದುಕೊಂಡು ಕೂತವರಿಗೆ ಇದನ್ನು ಹೇಳಬೇಡಿ, ಅವರು ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ.

ಅಂದಹಾಗೆ ಸ್ಪೆಲಿಂಗ್ ಬದಲಾಯಿಸಬಾರದು ಅಂತೇನೂ ಇಲ್ಲ. 2014ರ ನವೆಂಬರ್ 1ರಂದು ನಮ್ಮ ಊರಿನ ಇಂಗ್ಲಿಷ್ ಸ್ಪೆಲಿಂಗನ್ನೇ ಸರ್ಕಾರ ಬದಲಾಯಿಸಿತು, ಎರಡನೇ ಅಕ್ಷರ ಇ ಇದ್ದದ್ದು ಎ ಆಯಿತು, ಕೊನೆಯ ವೈ ಹೋಗಿ ಐ ಬಂತು. ಹಳೇ ಲೆಟರ್‌ಹೆಡ್ ಎಲ್ಲ ಹೊಸದಾಗಿ ಮಾಡಿಸಲು ಜನ ಬಂದರು, ನನಗೆ ಒಳ್ಳೇ ಸೀಸನ್. ಈ ಕ್ರಿಯಾಪದಕ್ಕೆ ಅಂಥ ಆದೇಶ ಹೊರಡಿಸಲು ಯಾರೂ ಇಲ್ಲ.

‘ಮೈ ಪರ್ಸ್ ಲಾಸ್ಟ್’ ಅಂತ ಬರೆದರೆ ತಪ್ಪಾ? ಎಲ್ಲರಿಗೂ ಅರ್ಥ ಆಗುತ್ತಲ್ಲ?

ಅರ್ಥ ಆಗುತ್ತದೆ, ಆದರೆ ತಪ್ಪು. ನನ್ನ ಪ್ರಕಾರ ಈ ಪದದ ಇಡೀ ಗುಟ್ಟು ಈ ತಪ್ಪಿನಲ್ಲೇ ಇದೆ, ಸ್ಪೆಲಿಂಗಿನಲ್ಲಿ ಅಲ್ಲ.

ಸಿರುಗುಪ್ಪ ಕಡೆಯ ಒಬ್ಬ ರೈತರು ಮಗನ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಕಳೆದಿದೆ ಅಂತ ಅಫಿಡವಿಟ್ ಮಾಡಿಸಲು ಬಂದಿದ್ದರು. ಮಗನೇ ಒಂದು ನೋಟ್‌ಬುಕ್ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದ: ‘ಮೈ ಮಾರ್ಕ್ಸ್ ಕಾರ್ಡ್ ಲಾಸ್ಟ್ ಇನ್ ಬಸ್’. ನಾನು, ‘ಅಣ್ಣಾ, ಇದು ಹಿಂಗೆ ನಡಿಯಲ್ಲ, ಐ ಲಾಸ್ಟ್ ಅಂತ ಹಾಕಬೇಕು’ ಅಂದೆ. ಅವರು ಹಾಳೆ ವಾಪಸ್ ತಗೊಂಡು ಒಂದು ಸಲ ನೋಡಿ, ‘ಹಂಗಂದ್ರ ಹುಡುಗಂದೇ ತಪ್ಪು ಅಂತ ಆಗಂಗಿಲ್ಲೇನ್ರಿ?’ ಅಂದರು.

ಸರಿಯಾಗಿ ಹಿಡಿದರು. ಕನ್ನಡದಲ್ಲಿ ನಮಗೆ ಎರಡು ದಾರಿ ಇವೆ. ‘ಪರ್ಸ್ ಕಳೆದುಕೊಂಡೆ’ ಅನ್ನಬಹುದು, ‘ಪರ್ಸ್ ಕಳೆದುಹೋಯಿತು’ ಅಂತಲೂ ಅನ್ನಬಹುದು. ನಾವು ಜಾಸ್ತಿ ಹೇಳುವುದು ಎರಡನೆಯದನ್ನೇ. ಪರ್ಸಿಗೇ ಕಾಲು ಬಂದು ಎದ್ದು ಹೋದ ಹಾಗೆ. ಇಂಗ್ಲಿಷಿನ ಲೂಜ಼್ ಹಾಗಲ್ಲ, ಅದು ಯಾರು ಕಳೆದುಕೊಂಡರೋ ಅವರನ್ನೇ ಎಳೆದು ಮುಂದೆ ನಿಲ್ಲಿಸುತ್ತದೆ. ಐ ಲಾಸ್ಟ್, ಶೀ ಲಾಸ್ಟ್, ವೀ ಲಾಸ್ಟ್. ಮುಂದೆ ನಿಂತದ್ದು ಪರ್ಸೇ ಆದರೆ ಪರ್ಸ್ ಏನನ್ನೋ ಕಳೆದುಕೊಂಡಿತು ಅಥವಾ ಯಾರದೋ ಎದುರು ಸೋತಿತು ಅಂತ ಆಗುತ್ತದೆ.

ಪರ್ಸನ್ನೇ ಮುಂದೆ ಇಡಬೇಕು, ತಪ್ಪು ಮೈಮೇಲೆ ಎಳೆದುಕೊಳ್ಳಬಾರದು ಅಂದರೆ ನಡುವೆ ಒಂದು ಆಸರೆ ಕೊಡಿ. ‘ಮೈ ಪರ್ಸ್ ಈಸ್ ಲಾಸ್ಟ್’, ‘ಮೈ ಪರ್ಸ್ ವಾಸ್ ಲಾಸ್ಟ್’, ಮಾತಿನಲ್ಲಿ ‘ಮೈ ಪರ್ಸ್ ಗಾಟ್ ಲಾಸ್ಟ್’. ಇವೆಲ್ಲ ಸರಿ. ಆ ರೈತರಿಗೆ ‘ದ ಮಾರ್ಕ್ಸ್ ಕಾರ್ಡ್ ವಾಸ್ ಲಾಸ್ಟ್ ಆನ್ ಎ ಬಸ್’ ಅಂತ ಹಾಕಿಕೊಟ್ಟೆ. ಹುಡುಗನ ಮಾನ ಉಳಿಯಿತು, ವ್ಯಾಕರಣವೂ ಉಳಿಯಿತು. ಬಸ್ಸಿಗೆ ‘ಇನ್’ ಬದಲು ‘ಆನ್’ ಹಾಕಿದ್ದು ಯಾಕೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲು ಹೋಗಲಿಲ್ಲ.

‘ಐ ಲಾಸ್ಟ್’ ಅಂತ ಬರೀಬೇಕಾ, ‘ಐ ಹ್ಯಾವ್ ಲಾಸ್ಟ್’ ಅಂತಾನಾ?

ತಾರೀಖು ಇದ್ದರೆ ‘ಐ ಲಾಸ್ಟ್’. ತಾರೀಖು ಇಲ್ಲದೆ, ಈಗ ನನ್ನ ಹತ್ತಿರ ಇಲ್ಲ ಅನ್ನುವುದೇ ಮುಖ್ಯವಾದರೆ ‘ಐ ಹ್ಯಾವ್ ಲಾಸ್ಟ್’. ‘ಐ ಹ್ಯಾವ್ ಲಾಸ್ಟ್ ಮೈ ಸಿಮ್ ಕಾರ್ಡ್ ಯೆಸ್ಟರ್‌ಡೇ’ ಅನ್ನುವುದು ನಮ್ಮ ಕಡೆ ಅರ್ಜಿಗಳಲ್ಲಿ ಲೆಕ್ಕವಿಲ್ಲದಷ್ಟು ಸಿಗುತ್ತದೆ, ಆದರೆ ನಿನ್ನೆ ಅಂತ ಹೇಳಿದ ಮೇಲೆ ‘ಹ್ಯಾವ್’ ತೆಗೆದುಬಿಡಿ. ಪೊಲೀಸರ ಇ-ಲಾಸ್ಟ್ ಸೇವೆಯಲ್ಲಿ ತುಂಬುವಾಗ ದಿನ, ಜಾಗ ಎರಡನ್ನೂ ಬರೆಯುತ್ತೀರಿ, ಆದ್ದರಿಂದ ಅಲ್ಲಿ ಸಾದಾ ‘ಐ ಲಾಸ್ಟ್’ ಸಾಕು.

ರೂಪಗಳು ಇಷ್ಟೇ: ಈಗಿನದ್ದು ಲೂಜ಼್, ಆಗಿಹೋದದ್ದು ಲಾಸ್ಟ್, ಹ್ಯಾವ್ ಜೊತೆಗೂ ಲಾಸ್ಟ್. ಲೂಜ಼್ಡ್, ಲಾಸ್ಟೆಡ್ ಅಂತ ಯಾವುದೂ ಇಲ್ಲ. ‘ಡಿಡ್’ ಬಂದರೆ ಮಾತ್ರ ಹುಷಾರು, ‘ಐ ಡಿಡ್ ನಾಟ್ ಲೂಜ಼್’ ಸರಿ, ‘ಡಿಡ್ ನಾಟ್ ಲಾಸ್ಟ್’ ತಪ್ಪು. ಇಂಗ್ ಸೇರಿಸುವಾಗ ಕೊನೆಯ ಇ ಬಿದ್ದುಹೋಗುತ್ತದೆ, ಓ ಒಂದೇ ಇರುತ್ತದೆ.

ಪರ್ಸ್ ‘ಮಿಸ್’ ಆಯ್ತು ಅಂತೀವಲ್ಲ, ‘ಐ ಮಿಸ್ಡ್ ಮೈ ಪರ್ಸ್’ ಅನ್ನಬಹುದಾ?

ಅನ್ನಬೇಡಿ. ಅದನ್ನು ಓದಿದವರಿಗೆ ಪರ್ಸಿನ ನೆನಪಾಗಿ ನಿಮಗೆ ಅಳು ಬಂತು ಅಂತ ಅನಿಸಬಹುದು. ಕನ್ನಡದಲ್ಲಿ ಮಿಸ್ ಅನ್ನುವುದು ನಮ್ಮದೇ ಪದ ಆಗಿಹೋಗಿದೆ, ಬಸ್ಸೂ ಮಿಸ್ಸು, ಪರ್ಸೂ ಮಿಸ್ಸು, ಫೋನ್ ಕಾಲೂ ಮಿಸ್ಸು. ಇಂಗ್ಲಿಷಿನಲ್ಲಿ ಬಸ್ಸು ತಪ್ಪಿದರೆ ಮಿಸ್, ಪರ್ಸು ಹೋದರೆ ಲೂಜ಼್. ‘ಮೈ ಪರ್ಸ್ ಈಸ್ ಮಿಸ್ಸಿಂಗ್’ ಅನ್ನಬಹುದು, ಅಂದರೆ ಕಾಣಿಸುತ್ತಿಲ್ಲ, ಕದ್ದಿದ್ದಾರೋ ಬಿದ್ದಿದೆಯೋ ಗೊತ್ತಿಲ್ಲ. ಕದ್ದಿದ್ದಾರೆ ಅಂತ ಖಾತ್ರಿ ಇದ್ದರೆ ಲೂಜ಼್ ಬಳಸಲೇಬೇಡಿ, ‘ಸ್ಟೋಲನ್’ ಅಂತಲೇ ಹಾಕಿ. ಕಳೆದದ್ದು ಬೇರೆ, ಕಳುವಾದದ್ದು ಬೇರೆ, ದೂರಿನಲ್ಲಿ ಎರಡಕ್ಕೂ ದಾರಿ ಬೇರೆ. ಅಲ್ಲಿ ಒಂದು ಪದ ಹೆಚ್ಚು ಕಡಿಮೆ ಆದರೂ ಮತ್ತೆ ಅಲೆಯಬೇಕಾಗುತ್ತದೆ.

ಸೋತದ್ದಕ್ಕೂ ಇದೇ ಪದಾನಾ? ‘ವೀ ಲಾಸ್ಟ್ ರಾಯಚೂರ್’ ಅಂದರೆ ಸರಿನಾ?

ಸೋತದ್ದಕ್ಕೂ ಇದೇ. ಮ್ಯಾಚು, ಎಲೆಕ್ಷನ್ನು, ಕೇಸು, ಬೆಟ್ಟು, ಎಲ್ಲ ಲೂಜ಼್. ಆದರೆ ಎದುರಿನವರ ಹೆಸರಿಗಿಂತ ಮೊದಲು ‘ಟು’ ಬೇಕು: ‘ವೀ ಲಾಸ್ಟ್ ಟು ರಾಯಚೂರ್’. ಎಷ್ಟರಲ್ಲಿ ಅನ್ನುವುದಕ್ಕೆ ‘ಬೈ’: ‘ಬೈ 12 ರನ್ಸ್’. ಟು ಬಿಟ್ಟರೆ ರಾಯಚೂರೇ ನಮ್ಮ ಕೈತಪ್ಪಿ ಹೋಯಿತು ಅಂತ ಆಗುತ್ತದೆ. ಅದೇ ಥರ ‘ದೇ ವನ್ ಅಸ್’ ಕೂಡ ತಪ್ಪು, ‘ದೇ ಬೀಟ್ ಅಸ್’ ಅನ್ನಬೇಕು.

ಈ ‘ಟು’ಗೆ ಇನ್ನೊಂದು ಒಳ್ಳೇ ಬಳಕೆ ಇದೆ, ಅದು ನಮ್ಮ ಟಿ.ಬಿ. ಡ್ಯಾಮ್, ಅಂದರೆ ತುಂಗಭದ್ರಾ ಅಣೆಕಟ್ಟು ನೋಡಿದರೆ ತಿಳಿಯುತ್ತದೆ. ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿ ತುಂಬಿ ಈಗ 105.788ಕ್ಕೆ ಇಳಿದಿದೆ. ಇಂಗ್ಲಿಷಿನಲ್ಲಿ ಇದನ್ನು ‘ದ ಡ್ಯಾಮ್ ಹ್ಯಾಸ್ ಲಾಸ್ಟ್ 27 ಟಿಎಂಸಿ ಟು ಸಿಲ್ಟ್’ ಅನ್ನುತ್ತಾರೆ, ಹೂಳಿನ ಪಾಲಾಯಿತು ಅಂತ. ಕನ್ನಡದ ‘ಪಾಲಾಗು’ ಇದಕ್ಕೆ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ: ನೀರು ಪಾಲು, ಬೆಂಕಿ ಪಾಲು, ಸಾಲಗಾರರ ಪಾಲು. ಎಲ್ಲದಕ್ಕೂ ‘ಲಾಸ್ಟ್ ಟು’. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತಲ್ಲ, ಅದಕ್ಕೆ ‘ದ ಡ್ಯಾಮ್ ಲಾಸ್ಟ್ ಎ ಗೇಟ್’. ಆಮೇಲೆ ಹಗಲು ರಾತ್ರಿ ಹರಿದುಹೋಗುತ್ತಿದ್ದ ನೀರಿಗೆ ‘ವೀ ಆರ್ ಲೂಜ಼ಿಂಗ್ ವಾಟರ್’. ಗಂಗಾವತಿ, ಸಿಂಧನೂರಿನ ಭತ್ತದವರು ಆ ವಾರ ನಿದ್ದೆ ಮಾಡಲಿಲ್ಲ. ಅದಕ್ಕೂ ಇದೇ ಪದ ಇದೆ, ‘ಲೂಜ಼್ ಸ್ಲೀಪ್’.

ಲಾಸ್ ಮತ್ತು ಲಾಸ್ಟ್ ಎರಡೂ ಒಂದೇ ಅಲ್ವಾ?

ಅಲ್ಲ. ಲಾಸ್ ಹೆಸರು, ನಷ್ಟ. ಲಾಸ್ಟ್ ಕ್ರಿಯೆ, ಕಳೆದುಕೊಂಡೆ. ‘ಐ ಲಾಸ್ ಐದು ಸಾವಿರ’ ಅಂತಾಗಲಿ ‘ಲಾಸ್ಡ್’ ಅಂತಾಗಲಿ ಬರೆಯಬಾರದು, ‘ಐ ಲಾಸ್ಟ್’ ಅಥವಾ ‘ಐ ಮೇಡ್ ಎ ಲಾಸ್ ಆಫ್’. ಮೆಣಸಿನಕಾಯಿ ರೇಟು ಬಿದ್ದಾಗ ಹಾಕಿದ ದುಡ್ಡಿಗಿಂತ ಕಡಿಮೆಗೆ ಮಾರಿದರೆ ‘ಸೋಲ್ಡ್ ಅಟ್ ಎ ಲಾಸ್’. ಬರೀ ‘ಅಟ್ ಎ ಲಾಸ್’ ಅಂದರೆ ಏನು ಮಾಡಬೇಕೋ ತೋಚದೆ ಕೂತಿದ್ದೇನೆ ಅಂತಲೂ ಅರ್ಥ. ಬೆಳೆಗಾರರಿಗೆ ಎರಡೂ ಒಟ್ಟಿಗೇ ಬರುತ್ತವೆ ಅನ್ನೋದು ಬೇರೆ ಮಾತು.

ಜಿಮ್ ಬೋರ್ಡ್ ಮಾಡಿಸುವವರಿಗೆ: ‘ವೇಟ್ ಲಾಸ್’ ಸರಿ, ‘ಲೂಜ಼್ ವೇಟ್’ ಸರಿ, ‘ವೇಟ್ ಲೂಜ಼್’ ತಪ್ಪು, ಎರಡು ಓ ಹಾಕಿದರೆ ಇನ್ನೂ ತಪ್ಪು. ಅಂಥ ಬೋರ್ಡುಗಳನ್ನು ನೋಡಿದ್ದೇನೆ, ಎಲ್ಲಿ ಅಂತ ಹೇಳುವುದಿಲ್ಲ.

‘ಐ ಲಾಸ್ಟ್ ಮೈ ಸನ್’ ಅಂತ ಜಾತ್ರೆಯಲ್ಲಿ ಹೇಳಬಹುದಾ?

ದಯವಿಟ್ಟು ಬೇಡ. ಇದೊಂದು ಉತ್ತರ ಮಾತ್ರ ಗಮನ ಇಟ್ಟು ಓದಿ. ಮನುಷ್ಯರ ವಿಷಯದಲ್ಲಿ ಲಾಸ್ಟ್ ಅಂದರೆ ಸಾಮಾನ್ಯವಾಗಿ ತೀರಿಕೊಂಡರು ಅಂತ. ಕನ್ನಡದಲ್ಲೂ ‘ತಂದೆಯನ್ನು ಕಳೆದುಕೊಂಡ’ ಅಂದರೆ ಯಾರೂ ಹುಡುಕಲು ಹೊರಡುವುದಿಲ್ಲ ಅಲ್ವಾ. ಕೊಪ್ಪಳದ ಗವಿಮಠದ ಜಾತ್ರೆಯಂಥ ಜನಸಾಗರದಲ್ಲಿ ಮಗು ಕೈ ಬಿಡಿಸಿಕೊಂಡು ಹೋದರೆ, ಅಲ್ಲಿರುವ ಹೊರಗಿನವರಿಗೆ ‘ಮೈ ಸನ್ ಈಸ್ ಮಿಸ್ಸಿಂಗ್’ ಅನ್ನಿ, ‘ಐ ಕಾಂಟ್ ಫೈಂಡ್ ಮೈ ಸನ್’ ಅನ್ನಿ. ಅಥವಾ ನೇರ ಮೈಕಿನ ಹತ್ತಿರ ಓಡಿ ಕನ್ನಡದಲ್ಲೇ ಹೇಳಿ, ಅದೇ ಬೇಗ ಕೆಲಸ ಆಗುವುದು.

ಸಂತಾಪ ಹೇಳುವಾಗ ‘ಸಾರಿ ಫಾರ್ ಯುವರ್ ಲಾಸ್’ ಅಂತಾರೆ. ಅಲ್ಲಿ ಲಾಸ್ ದುಡ್ಡಿನದ್ದಲ್ಲ.

‘ಗೆಟ್ ಲಾಸ್ಟ್’ ಅಂದರೆ ಬೈಗುಳ ತಾನೇ? ಟೂರಿಸ್ಟ್ ಒಬ್ಬರು ತಮಗೆ ತಾವೇ ಹೇಳಿಕೊಂಡರು!

ಎದುರಿನವರಿಗೆ ಹೇಳಿದರೆ ಬೈಗುಳ, ತೊಲಗಾಚೆ ಅಂತ. ‘ವೀ ಗಾಟ್ ಲಾಸ್ಟ್’ ಅಂದರೆ ಪಾಪ, ದಾರಿ ತಪ್ಪಿದೆ. ಆನೆಗೊಂದಿ, ಸಣಾಪುರದ ಬಂಡೆಗಳ ನಡುವೆ ಸ್ಕೂಟರ್ ಬಾಡಿಗೆ ತಗೊಂಡು ಸುತ್ತುವವರು ಇದನ್ನು ಆಗಾಗ ಹೇಳುತ್ತಾರೆ. ‘ಆರ್ ಯು ಲಾಸ್ಟ್?’ ಅಂತ ನೀವು ಕೇಳಿದರೆ ಅದು ಸಹಾಯ. ಪಾಠದ ಮಧ್ಯೆ ‘ಐ ಆಮ್ ಲಾಸ್ಟ್’ ಅಥವಾ ‘ಯು ಲಾಸ್ಟ್ ಮಿ’ ಅಂದರೆ ಏನೂ ಅರ್ಥ ಆಗುತ್ತಿಲ್ಲ ಅಂತ.

ಇನ್ನೂ ಎಲ್ಲೆಲ್ಲಿ ಬಳಸುತ್ತಾರೆ?

ಕನ್ನಡದಲ್ಲಿ ಹತ್ತು ಬೇರೆ ಬೇರೆ ಪದ ಬೇಕಾಗುವ ಕಡೆ ಅವರು ಇದೊಂದರಲ್ಲೇ ಸಂಸಾರ ಸಾಗಿಸುತ್ತಾರೆ. ಸಿಟ್ಟು ನೆತ್ತಿಗೇರಿದರೆ ‘ಲೂಜ಼್ ಯುವರ್ ಟೆಂಪರ್’. ಅಂದರೆ ನಮಗೆ ಸಿಟ್ಟು ಬರುತ್ತದೆ, ಅವರು ಅದನ್ನು ಕಳೆದುಕೊಳ್ಳುತ್ತಾರೆ! ಟೆಂಪರ್ ಅನ್ನುವುದಕ್ಕೆ ಸಮಾಧಾನದ ಮನಸ್ಸು ಅನ್ನುವ ಹಳೇ ಅರ್ಥ ಇದೆ, ಕಳೆದುಹೋಗುವುದು ಅದು. ಎಣಿಕೆ ತಪ್ಪಿದರೆ ‘ಲೂಜ಼್ ಕೌಂಟ್’, ಒಡನಾಟ ಬಿಟ್ಟುಹೋದರೆ ‘ಲೂಜ಼್ ಟಚ್’, ಧೈರ್ಯ ಕುಂದಿದರೆ ‘ಲೂಜ಼್ ಹಾರ್ಟ್’. ಇದರ ನಡುವೆ ಮೈ, ಯುವರ್ ಸೇರಿಸಿ ‘ಲೂಜ಼್ ಯುವರ್ ಹಾರ್ಟ್’ ಅಂದರೆ ಪ್ರೀತಿಯಲ್ಲಿ ಬಿದ್ದಿರಿ ಅಂತ, ಜೋಪಾನ. ದಿನಕ್ಕೆ ಐದು ನಿಮಿಷ ಹಿಂದೆ ಬೀಳುವ ಗಡಿಯಾರಕ್ಕೂ ‘ಇಟ್ ಲೂಜ಼ಸ್ ಫೈವ್ ಮಿನಿಟ್ಸ್ ಎ ಡೇ’. ಇನ್ನು ಗಂಟಲು ಕಟ್ಟಿದರೆ ‘ಲೂಜ಼್ ಯುವರ್ ವಾಯ್ಸ್’, ಏಪ್ರಿಲ್‌ನಲ್ಲಿ ರಾಯಚೂರಿನ ಬಿಸಿಲಿಗೆ ತಲೆ ಸುತ್ತಿ ಬಿದ್ದರೆ ‘ಲೂಜ಼್ ಕಾನ್ಷಿಯಸ್‌ನೆಸ್’.

ಎರಡು ಓ ಇರುವುದು ಕ್ರಿಯಾಪದ ಆಗೋದೇ ಇಲ್ವಾ?

ಆಗುತ್ತದೆ, ಅಪರೂಪಕ್ಕೆ. ಬಾಣ ಬಿಡುವುದಕ್ಕೆ, ನಾಯಿಯನ್ನು ಸರಪಳಿಯಿಂದ ಬಿಡುವುದಕ್ಕೆ ಹಾಗೆ ಬರೆಯುತ್ತಾರೆ. ದಿನಬಳಕೆಯಲ್ಲಿ ಬೇಕಾಗುವುದು ‘ಲೂಸನ್’: ನಟ್ಟು, ಬೆಲ್ಟು, ಶೂ ಲೇಸು ಸಡಿಲ ಮಾಡುವುದು. ಟೈಲರ್ ಹತ್ತಿರ ಸೊಂಟ ಲೂಸ್ ಮಾಡಿಸುವುದಕ್ಕೆ ‘ಲೆಟ್ ಔಟ್’ ಅಂತಾರೆ.

ನಾವು ಒಬ್ಬರನ್ನು ‘ಲೂಸು’ ಅಂತೀವಲ್ಲ, ಅದು ಯಾವುದು?

ಅದು ಎರಡು ಓದ್ದು. ನಟ್ಟು ಲೂಸು, ಸ್ಕ್ರೂ ಲೂಸು ಅನ್ನುವುದರ ಪೈಕಿ. ‘ಲೂಜ಼ರ್’ ಅನ್ನುವ ಬೈಗುಳ ಒಂದು ಓದ್ದು, ಸೋತು ಸುಣ್ಣವಾದವನು ಅಂತ. ಅದಕ್ಕೆ ಎರಡು ಓ ಹಾಕಿ ಬೈದರೆ ‘ಇನ್ನೂ ಸಡಿಲವಾದವನೇ’ ಅಂತ ಬೈದಂತೆ, ಬೈಸಿಕೊಂಡವರೇ ನಗುತ್ತಾರೆ. ಕಿರಾಣಿ ಅಂಗಡಿಯ ಲೂಸ್ ಎಣ್ಣೆ, ಲೂಸ್ ಸಕ್ಕರೆಯೂ ಎರಡು ಓದ್ದೇ.

ಕಂಪ್ಯೂಟರ್ ತಪ್ಪು ತೋರಿಸಲ್ವಾ?

ಎಷ್ಟೋ ಸಲ ತೋರಿಸುವುದಿಲ್ಲ. ಎರಡೂ ನಿಜವಾದ ಪದಗಳೇ ಆದ್ದರಿಂದ ಕೆಂಪು ಗೆರೆ ಬರುವುದಿಲ್ಲ. ಕಣ್ಣೇ ಗತಿ.

ಕಳೆದದ್ದು ಸಿಕ್ಕರೆ ಏನಂತ ಬರೀಬೇಕು?

‘ಐ ಫೌಂಡ್ ಇಟ್’. ಫೈಂಡ್, ಫೌಂಡ್, ಫೌಂಡ್. ಉತ್ಸಾಹದಲ್ಲಿ ‘ಫೌಂಡೆಡ್’ ಅಂತ ಹಾಕಬೇಡಿ, ಅದು ಸಂಘ ಸಂಸ್ಥೆ ಸ್ಥಾಪಿಸಿದವರಿಗೆ ಬಳಸುವ ಪದ.

ಮೇಲೆ ಹೇಳಿದ ರೈತರು ಎರಡು ತಿಂಗಳಾದ ಮೇಲೆ ಮತ್ತೆ ಬಂದಿದ್ದರು. ಮಾರ್ಕ್ಸ್ ಕಾರ್ಡ್ ಬಸ್ಸಿನಲ್ಲಿ ಬಿದ್ದೇ ಇರಲಿಲ್ಲವಂತೆ, ಮನೆಯಲ್ಲಿ ಜೋಳದ ಡಬ್ಬಿ ಹಿಂದೆ ಬಿದ್ದಿತ್ತು. ಡೂಪ್ಲಿಕೇಟಿಗೆ ಹಾಕಿದ ಅರ್ಜಿ ಆಗಲೇ ಮುಂದೆ ಹೋಗಿದೆ. ‘ಈಗೇನ್ ಟೈಪ್ ಮಾಡ್ತೀರಿ?’ ಅಂದರು. ನಾನು ‘ದ ಮಾರ್ಕ್ಸ್ ಕಾರ್ಡ್ ಹ್ಯಾಸ್ ಬೀನ್ ಫೌಂಡ್’ ಅಂತ ಹೊಡೆದೆ. ಓದಿಸಿಕೊಂಡು ತಲೆಯಾಡಿಸಿದರು, ಈ ಸಲವೂ ಹುಡುಗನ ಹೆಸರು ಬರಲಿಲ್ಲ ನೋಡಿ ಅಂತ ಖುಷಿ. ಹುಡುಕಿ ತೆಗೆದದ್ದು ಹುಡುಗನ ತಾಯಿ ಅಂತ ಹೋಗುವಾಗ ಹೇಳಿದರು.